ಮಳೆ ಬಂತ್ರೋ! ಅಜ್ಜಿಯ ಕೂಗು ಮತ್ತು 200 ಬೈಟಿನ ಈವೆಂಟ್ ಎಮಿಟರ್

ನಮ್ಮೂರು ಉಳವಿ. ಹಾಸ್ಟೆಲ್‌ನಲ್ಲಿ ಹೀಗಂದ ತಕ್ಷಣ "ಓ, ಚನ್ನಬಸವಣ್ಣನ ಉಳವೀನಾ?" ಅಂತ ಕೇಳ್ತಾರೆ. ಅಲ್ಲ, ಅದು ಉತ್ತರ ಕನ್ನಡದ್ದು. ನಮ್ಮದು ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಉಳವಿ. ಗದ್ದೆ, ಅಡಿಕೆ ತೋಟ, ಮಳೆಗಾಲದಲ್ಲಿ ಹೋದರೆ ಎರಡು ದಿನ ಬಾರದ ಕರೆಂಟು. ಈ ಲೇಖನ ಜಾವಾಸ್ಕ್ರಿಪ್ಟ್ ಬಗ್ಗೆ. ಆದ್ರೆ ಶುರು ಮಾಡಬೇಕಾದದ್ದು ನಮ್ಮನೆ ಅಂಗಳದಿಂದಲೇ, ಯಾಕಂದ್ರೆ ನಂಗೆ ಇದು ಅರ್ಥ ಆಗಿದ್ದು ಅಲ್ಲೇ.

ಅಕ್ಟೋಬರ್, ನವೆಂಬರ್ ಬಂತಂದ್ರೆ ಅಡಿಕೆ ಕೊಯ್ಲು. ಸುಲೀಬೇಕು, ಚೊಗರಿನಲ್ಲಿ ಬೇಯಿಸಬೇಕು, ಆಮೇಲೆ ಅಂಗಳದಲ್ಲಿ ಹರವಿ ದಿನಗಟ್ಟಲೆ ಒಣಗಿಸಬೇಕು. ಮಳೆಗಾಲ ಮುಗೀತು ಅಂತ ಹೇಳೋದು ಕ್ಯಾಲೆಂಡರ್ ಮಾತ್ರ. ಮಧ್ಯಾಹ್ನ ಚುರುಕು ಬಿಸಿಲು, ಮೂರೂವರೆಗೆ ಮೋಡ, ನಾಲ್ಕಕ್ಕೆ ಹನಿ. ಆಗ ಜಗುಲಿಯಲ್ಲಿ ಎಲೆ ಅಡಿಕೆ ಹಾಕ್ತಾ ಕೂತ ಅಜ್ಜಿ ಒಂದೇ ಒಂದು ಕೂಗು ಹಾಕ್ತಾರೆ: "ಮಳೆ ಬಂತ್ರೋ!"

ಅಷ್ಟೇ. ಅಪ್ಪ ಓಡಿ ಬಂದು ಅಡಿಕೆ ಮೇಲೆ ಟಾರ್ಪಾಲ್ ಎಳೀತಾರೆ. ಅಮ್ಮ ತಂತಿ ಮೇಲಿನ ಬಟ್ಟೆ ತೆಗೀತಾರೆ. ನಾನಿದ್ರೆ ಸೌದೆ ಮುಚ್ಚಬೇಕು. ಪಕ್ಕದ ಮನೆಯವರು ಇದೇ ಕೂಗು ಕೇಳಿ ಅವರ ಹಪ್ಪಳ ಒಳಗೆ ತಗೊಳ್ತಾರೆ. ಅಜ್ಜಿ ಯಾರಿಗೂ "ನೀನು ಟಾರ್ಪಾಲ್ ಎಳಿ, ನೀನು ಬಟ್ಟೆ ತೆಗಿ" ಅಂತ ಹೇಳಲ್ಲ. ಯಾರು ಮನೇಲಿದಾರೆ, ಯಾರು ಇಲ್ಲ, ಪಕ್ಕದ ಮನೇಲಿ ಹಪ್ಪಳ ಇದ್ಯಾ ಇಲ್ವಾ, ಅವರಿಗೆ ಗೊತ್ತೂ ಇಲ್ಲ. ನಾನು ಹಾಸ್ಟೆಲ್‌ಗೆ ಬಂದ ಮೇಲೂ ಆ ಕೂಗು ಒಂದಕ್ಷರ ಬದಲಾಗಿಲ್ಲ.

ಈವೆಂಟ್ ಎಮಿಟರ್ ಅಂದ್ರೆ ಇದು. ಕೂಗೋರು ಒಂದು ಕಡೆ, ಕೇಳಿಸಿಕೊಂಡು ಕೆಲಸ ಮಾಡೋರು ಇನ್ನೊಂದು ಕಡೆ. ಮಧ್ಯೆ ಇರೋದು ಒಂದು ಹೆಸರು ಮಾತ್ರ.

ಹೋದ ವರ್ಷ ಮಿನಿ ಪ್ರಾಜೆಕ್ಟಿಗೆ ನಾನು ಮಾಡಿದ್ದೂ ಮಳೆ ಅಲಾರಂ. ಅಂಗಳದ ಕಂಬಕ್ಕೆ ಒಂದು ರೈನ್ ಸೆನ್ಸರ್ ಪ್ಲೇಟ್, ಅದಕ್ಕೆ ಒಂದು ನೋಡ್‌ಎಂಸಿಯು ಬೋರ್ಡ್. ಪ್ಲೇಟ್ ಮೇಲೆ ನೀರು ಬಿದ್ರೆ ಎರಡು ಗೆರೆಗಳ ಮಧ್ಯೆ ರೆಸಿಸ್ಟೆನ್ಸ್ ಕಮ್ಮಿ ಆಗುತ್ತೆ, ಬೋರ್ಡ್ ಅದನ್ನ ಓದಿ ವೈಫೈ ಮೇಲೆ ವೆಬ್‌ಸಾಕೆಟ್‌ನಲ್ಲಿ ಮೆಸೇಜ್ ಕಳಿಸುತ್ತೆ. ಅಡುಗೆಮನೆ ಗೋಡೆಗೆ ನೇತುಹಾಕಿದ ಹಳೇ ಫೋನಿನ ಬ್ರೌಸರ್‌ನಲ್ಲಿ ಒಂದು ಪೇಜ್ ಯಾವಾಗಲೂ ತೆರೆದೇ ಇರುತ್ತೆ. ಮಳೆ ಅಂದ್ರೆ ಆ ಪೇಜ್ ನಾಲ್ಕು ಕೆಲಸ ಮಾಡಬೇಕು: ಲಾಗ್ ಬರೀಬೇಕು, ಸ್ಕ್ರೀನ್ ಕೆಂಪು ಮಾಡಬೇಕು, ಜೋರಾಗಿ ಕೂಗಬೇಕು, ಅಪ್ಪ ತೋಟದಲ್ಲಿದ್ರೆ ಅವರ ಫೋನಿಗೆ ಟೆಲಿಗ್ರಾಂ ಮೆಸೇಜ್ ಕಳಿಸಬೇಕು.

ಮೊದಲ ವರ್ಷನ್‌ನಲ್ಲಿ ನಾನು ಎಲ್ಲರೂ ಮಾಡೋದನ್ನೇ ಮಾಡಿದೆ. ವೆಬ್‌ಸಾಕೆಟ್‌ನಿಂದ ಮೆಸೇಜ್ ಬರೋ ಜಾಗದಲ್ಲೇ ನಾಲ್ಕೂ ಫಂಕ್ಷನ್‌ಗಳನ್ನ ಒಂದರ ಕೆಳಗೊಂದು ಕರೆದೆ. ನಡೀತು. ಆಮೇಲೆ ಅಪ್ಪ ಮನೇಲಿದ್ರೆ ಮೆಸೇಜ್ ಬೇಡ, ಅದಕ್ಕೊಂದು ಇಫ್. ಗ್ರಾಫ್ ಸ್ಕ್ರೀನ್ ತೆರೆದಿದ್ರೆ ಕೂಗೋದು ಬೇಡ, ಅದಕ್ಕೊಂದು ಇಫ್. ಮಳೆ ನಿಂತಾಗ ಬಣ್ಣ ವಾಪಸ್ ಹಸಿರಾಗಬೇಕು, ಇನ್ನೊಂದು. ಸೆನ್ಸರ್ ಓದೋ ಕೋಡಿಗೆ ಈಗ ಅಪ್ಪ ಎಲ್ಲಿದಾರೆ ಅನ್ನೋದೂ ಗೊತ್ತಿರಬೇಕು! ಅಜ್ಜಿ ಕೂಗೋ ಮುಂಚೆ ಊರಿನ ಹಾಜರಿ ತಗೊಂಡಂಗೆ.

ಎಮಿಟರ್ ಇದನ್ನ ಮೂರು ಕ್ರಿಯೆಯಲ್ಲಿ ಬಿಡಿಸುತ್ತೆ. ಆನ್ ಅಂದ್ರೆ "ಈ ಹೆಸರು ಕೇಳಿದ್ರೆ ನನ್ನನ್ನ ಕರಿ". ಎಮಿಟ್ ಅಂದ್ರೆ ಕೂಗೋದು. ಆಫ್ ಅಂದ್ರೆ "ಇನ್ಮೇಲೆ ನನ್ನನ್ನ ಕರೀಬೇಡ". ಹೀಗೆ:

ಎಮಿಟರ್.ಆನ್('ಮಳೆ', ಕೂಗು)
ಎಮಿಟರ್.ಆನ್('ಮಳೆ', ಕೆಂಪುಮಾಡು)
ಎಮಿಟರ್.ಎಮಿಟ್('ಮಳೆ', ಸಮಯ)
ಎಮಿಟರ್.ಆಫ್('ಮಳೆ', ಕೂಗು)

(ಆನ್, ಎಮಿಟ್, ಆಫ್ ಇವನ್ನ ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಹಾಕ್ಕೊಳ್ಳಿ. ಆದ್ರೆ ಫಂಕ್ಷನ್ ಹೆಸರು, ಈವೆಂಟ್ ಹೆಸರು ನಿಜವಾಗ್ಲೂ ಕನ್ನಡದಲ್ಲೇ ಇಡಬಹುದು. ಜಾವಾಸ್ಕ್ರಿಪ್ಟ್ ಯೂನಿಕೋಡ್ ಹೆಸರುಗಳನ್ನ ಒಪ್ಪುತ್ತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಂಗೆ "ಕೂಗು" ಅನ್ನೋ ಫಂಕ್ಷನ್ ಓಡಿದ ದಿನ ಆದ ಖುಷಿ ಬೇರೆ. ಅದರಿಂದಲೇ ಒಂದು ತಲೆನೋವೂ ಬಂತು, ಅದು ಕೊನೆಯಲ್ಲಿ.)

ಒಳಗೆ ಏನಿದೆ? ಒಂದು ಮ್ಯಾಪ್. ಕೀ ಅಂದ್ರೆ ಈವೆಂಟ್ ಹೆಸರು, ವ್ಯಾಲ್ಯೂ ಅಂದ್ರೆ ಫಂಕ್ಷನ್‌ಗಳ ಒಂದು ಅರೇ. ಆನ್ ಅಂದಾಗ ಆ ಅರೇಯ ಕೊನೆಗೆ ಫಂಕ್ಷನ್ ಸೇರಿಸುತ್ತೆ. ಎಮಿಟ್ ಅಂದಾಗ ಅರೇಯಲ್ಲಿ ಇರೋರನ್ನ ಸಾಲಾಗಿ ಕರೆಯುತ್ತೆ. ಆಫ್ ಅಂದಾಗ ಹುಡುಕಿ ತೆಗೆಯುತ್ತೆ. ಡೇಟಾ ಸ್ಟ್ರಕ್ಚರ್ಸ್ ಮೊದಲ ಯೂನಿಟ್ ಓದಿದವರು ಯಾರು ಬೇಕಾದ್ರೂ ಬರೀಬಹುದು. ಪಠ್ಯದಲ್ಲಿ ಬರೋ ಅಬ್ಸರ್ವರ್ ಪ್ಯಾಟರ್ನ್ ಇದರ ಹತ್ತಿರದ ನೆಂಟ. ನಾಲ್ಕು ಜನ ಸೇರಿ ಬರೆದ 1994ರ ಡಿಸೈನ್ ಪ್ಯಾಟರ್ನ್ಸ್ ಪುಸ್ತಕದಲ್ಲಿ ಅದು ಇದೆ. ಪರೀಕ್ಷೆಗೆ ಅಷ್ಟು ಸಾಕು.

ನೋಡ್ ಜೆಎಸ್ ಉಪಯೋಗಿಸೋರಿಗೆ ಇದು ಹೊಸದಲ್ಲ. 2009ರಲ್ಲಿ ರಯಾನ್ ಡಾಲ್ ಶುರು ಮಾಡಿದ ನೋಡ್‌ನಲ್ಲಿ ಈವೆಂಟ್‌ಎಮಿಟರ್ ಅನ್ನೋ ಕ್ಲಾಸ್ ಅಡಿಪಾಯದ ಹಾಗೆ. ಸ್ಟ್ರೀಮ್, ಸಾಕೆಟ್, ಸರ್ವರ್ ಎಲ್ಲ ಅದರ ಮೇಲೇ ನಿಂತಿವೆ. ಆದ್ರೆ ಅದು ಬ್ರೌಸರ್‌ನಲ್ಲಿ ತಾನಾಗೇ ಇರಲ್ಲ. ಅಲ್ಲಿಗೆ ಜನ ಪುಟ್ಟ ಪುಟ್ಟ ಲೈಬ್ರರಿ ಬರೆದಿದಾರೆ. ಅದರಲ್ಲಿ ನಾನು ಉಪಯೋಗಿಸಿದ್ದು ಮಿಟ್. ಪ್ರಿಆಕ್ಟ್ ಬರೆದ ಜೇಸನ್ ಮಿಲ್ಲರ್ ಅವರದ್ದೇ. ಕಂಪ್ರೆಸ್ ಮಾಡಿದ ಮೇಲೆ ಸುಮಾರು 200 ಬೈಟ್. ಯೂಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಕಾಗುಣಿತ ಚಿಹ್ನೆಗೂ 3 ಬೈಟ್ ಬೇಕು. ಅಂದ್ರೆ 200 ಬೈಟಿನಲ್ಲಿ ಕನ್ನಡದ ಒಂದು ಉದ್ದ ವಾಕ್ಯವೂ ಹಿಡಿಸಲ್ಲ. ಸಿಗ್ನಲ್ ಒಂದು ಕಡ್ಡಿಗೆ ಇಳಿಯೋ ನಮ್ಮೂರಿನಲ್ಲಿ ಇದು ಬರೀ ಶೋಕಿ ವಿಷಯ ಅಲ್ಲ. 2020ರಲ್ಲಿ ಬಂದ ವ್ಯೂ 3 ತನ್ನೊಳಗಿದ್ದ ಆನ್, ಆಫ್, ಒನ್ಸ್‌ಗಳನ್ನ ತೆಗೆದುಹಾಕಿದಾಗ, ಅದರ ಗೈಡ್‌ನಲ್ಲಿ ಬದಲಿಗೆ ಹೆಸರಿಸಿದ ಲೈಬ್ರರಿಗಳಲ್ಲಿ ಮಿಟ್ ಕೂಡ ಒಂದು.

"ಅರೇ ಒಂದು, ಲೂಪ್ ಒಂದು, ಇದಕ್ಕೆ ಲೈಬ್ರರಿ ಯಾಕೆ?" ಅಂತ ನಂಗೂ ಅನ್ನಿಸ್ತು. ಅದಕ್ಕೇ ಮೊದಲು ನಾನೇ ಬರೆದೆ, ಹದಿನೈದು ಸಾಲು. ಹೆಮ್ಮೆಯಿಂದ ರೂಂಮೇಟ್‌ಗೂ ತೋರಿಸಿದೆ.

ಈಗ ಗಮನ ಇಟ್ಟು ಓದಿ, ಇಲ್ಲೇ ವಿಷಯ ಇರೋದು. ಹೋಮ್ ಸ್ಕ್ರೀನ್ ತೆರೆದಾಗ 'ಮಳೆ'ಗೆ ಕೂಗೋ ಫಂಕ್ಷನ್ ಆನ್ ಮಾಡ್ತಿದ್ದೆ. ಗ್ರಾಫ್ ಸ್ಕ್ರೀನಿಗೆ ಹೋದಾಗ ಆಫ್. ಎರಡೂ ಕಡೆ ಆ್ಯರೋ ಫಂಕ್ಷನ್ ಬರೆದಿದ್ದೆ:

ಎಮಿಟರ್.ಆನ್('ಮಳೆ', () => ಶಬ್ದ('ಜೋರು'))
ಎಮಿಟರ್.ಆಫ್('ಮಳೆ', () => ಶಬ್ದ('ಜೋರು'))

ನೋಡೋಕೆ ಎರಡೂ ಒಂದೇ. ಆದ್ರೆ ಜಾವಾಸ್ಕ್ರಿಪ್ಟ್‌ಗೆ ಅವು ಎರಡು ಬೇರೆ ಬೇರೆ ಫಂಕ್ಷನ್. ಒಂದೇ ಥರ ಬಟ್ಟೆ ಹಾಕಿದ ಇಬ್ಬರು ಹುಡುಗರು ಒಬ್ಬನೇ ಆಗಲ್ವಲ್ಲ, ಹಾಗೆ. ಆಫ್ ಒಳಗೆ ಅರೇಯ ಇಂಡೆಕ್ಸ್‌ಆಫ್ ಕರೆದ್ರೆ ಅದು "ಸಿಗಲಿಲ್ಲ" ಅಂತ -1 ಕೊಡುತ್ತೆ. ಆ -1 ಅನ್ನ ನಾನು ಹಾಗೇ ಸ್ಪ್ಲೈಸ್‌ಗೆ ಕೊಟ್ಟಿದ್ದೆ. ಸ್ಪ್ಲೈಸ್‌ಗೆ -1 ಅಂದ್ರೆ "ಕೊನೆಯಿಂದ ಮೊದಲನೆಯದು". ಅಂದ್ರೆ ನನ್ನ ಆಫ್, ಹುಡುಕಿದವನು ಸಿಗದಿದ್ರೆ ಸಾಲಿನ ಕೊನೆಯಲ್ಲಿ ನಿಂತವನನ್ನ ಎತ್ತಿ ಆಚೆ ಹಾಕ್ತಿತ್ತು!

ಇನ್ನೂ ಮಜಾ ಏನಂದ್ರೆ ಎರಡು ವಾರ ಇದು ಸರಿಯಾಗೇ ನಡೀತು. ಯಾಕಂದ್ರೆ ಕೊನೆಗೆ ಸೇರಿದ್ದು ಕೂಗೋ ಫಂಕ್ಷನ್ನೇ ಆಗಿತ್ತು. ತಪ್ಪು ದಾರಿಯಲ್ಲಿ ಹೋಗಿ ಸರಿಯಾದ ಮನೆ ಮುಟ್ಟಿದ ಹಾಗೆ. ಆಮೇಲೆ ಅಪ್ಪನಿಗೋಸ್ಕರ "ತೋಟಕ್ಕೆ ಹೊರಟೆ" ಅನ್ನೋ ಬಟನ್ ಸೇರಿಸಿದೆ. ಅದನ್ನ ಒತ್ತಿದ್ರೆ ಮೆಸೇಜ್ ಕಳಿಸೋ ಫಂಕ್ಷನ್ 'ಮಳೆ'ಯ ಸಾಲಿಗೆ ಸೇರುತ್ತೆ, ಕೊನೆಗೆ. ಅಪ್ಪ ಬಟನ್ ಒತ್ತಿ ಹೋದ್ರು. ಅಮ್ಮ ಸುಮ್ಮನೆ ಗ್ರಾಫ್ ನೋಡಿದ್ರು. ಅಪ್ಪನ ಮೆಸೇಜ್ ಹೋಯ್ತು, ಅಂದ್ರೆ ಕಳೆದೇ ಹೋಯ್ತು. ತೋಟದ ಹತ್ತಿರ ಸಿಗ್ನಲ್ ಸಿಗೋ ಬದುವಿನ ಮೇಲೆ ನಿಂತೇ ಇದ್ದವರಿಗೆ ಮಳೆ ಗೊತ್ತಾಗಿದ್ದು ತಲೆ ಮೇಲೆ ಬಿದ್ದಾಗ.

ಮಿಟ್‌ನ ಸೋರ್ಸ್ ತೆರೆದು ನೋಡಿದೆ. ಆಫ್ ಇರೋ ಜಾಗದಲ್ಲಿ, ಇಂಡೆಕ್ಸ್‌ಆಫ್ ಕೊಟ್ಟ ಉತ್ತರದ ಮುಂದೆ ಒಂದು ವಿಚಿತ್ರ ಬಾಲ: >>> 0. ಇದು ಅನ್‌ಸೈನ್ಡ್ ರೈಟ್ ಶಿಫ್ಟ್. ಸೊನ್ನೆ ಬಿಟ್ ಸರಿಸೋದು ಅಂದ್ರೆ ಏನೂ ಸರಿಸದೇ ಇರೋದು. ಆದ್ರೆ ಹಾಗೆ ಮಾಡುವಾಗ ಸಂಖ್ಯೆಯನ್ನ 32 ಬಿಟ್‌ನ ಅನ್‌ಸೈನ್ಡ್ ಮಾಡಿಬಿಡುತ್ತೆ. 2 ಇದ್ರೆ 2 ಆಗೇ ಉಳಿಯುತ್ತೆ. -1 ಇದ್ರೆ 4294967295 ಆಗುತ್ತೆ. ಅಷ್ಟುದ್ದದ ಸಾಲು ಯಾರ ಹತ್ರ ಇದೆ? ಸ್ಪ್ಲೈಸ್ ಸಾಲಿನ ಆಚೆ ಹೋಗಿ ಕೈ ಹಾಕುತ್ತೆ, ಏನೂ ಸಿಗಲ್ಲ, ಯಾರನ್ನೂ ತೆಗೆಯಲ್ಲ. ಒಂದು ಇಫ್ ಬರೆಯೋ ಬದಲು ನಾಲ್ಕು ಚಿಹ್ನೆ. ಕಂಪ್ಯೂಟರ್ ಆರ್ಗನೈಸೇಷನ್ ಕ್ಲಾಸಿನಲ್ಲಿ ಟೂಸ್ ಕಾಂಪ್ಲಿಮೆಂಟ್ ಯಾವ ಕೆಲಸಕ್ಕೆ ಬರುತ್ತೆ ಅಂತ ಕೇಳಿದ್ದೆ. ಇದಕ್ಕೆ ಬರುತ್ತೆ.

ಅದೇ ಸೋರ್ಸ್‌ನಲ್ಲಿ ಇನ್ನೊಂದು ಚಿಕ್ಕ ಪದ ಇದೆ. ಎಮಿಟ್ ಮಾಡುವಾಗ ಮಿಟ್ ಅಸಲಿ ಅರೇ ಮೇಲೆ ಓಡಲ್ಲ, ಸ್ಲೈಸ್ ಮಾಡಿ ಒಂದು ನಕಲು ತಗೊಂಡು ಅದರ ಮೇಲೆ ಓಡುತ್ತೆ. ಯಾಕೆ? ಸಾಲಿನಲ್ಲಿ ಮೂರು ಜನ ಇದಾರೆ ಅಂದ್ಕೊಳ್ಳಿ. ಮೊದಲನೆಯವನು ತನ್ನ ಕೆಲಸ ಮುಗಿಸಿ ತನ್ನನ್ನೇ ಆಫ್ ಮಾಡ್ಕೊಂಡ. ಉಳಿದಿಬ್ಬರು ಒಂದೊಂದು ಹೆಜ್ಜೆ ಮುಂದೆ ಬಂದ್ರು. ಲೂಪ್ ಮಾತ್ರ "ಒಂದಾಯ್ತು, ಈಗ ಎರಡನೇ ಜಾಗ" ಅಂತ ಹೋಗುತ್ತೆ. ಅಲ್ಲಿ ಈಗ ನಿಂತಿರೋದು ಮೂರನೆಯವನು! ಎರಡನೆಯವನಿಗೆ ಕರೆಯೇ ಬರಲ್ಲ. ರೇಷನ್ ಅಂಗಡಿ ಕ್ಯೂನಲ್ಲಿ ನಿಂತು ಅಭ್ಯಾಸ ಇರೋರಿಗೆ ಹೇಳಬೇಕಾಗಿಲ್ಲ. ನೋಡ್‌ನ ಈವೆಂಟ್‌ಎಮಿಟರ್ ಕೂಡ ಹೀಗೇ ನಕಲು ತಗೊಂಡೇ ಕರೆಯುತ್ತೆ. ನನ್ನ ಹದಿನೈದು ಸಾಲಿನಲ್ಲಿ ಇದು ಇರಲಿಲ್ಲ. ಅವತ್ತೇ ಅದನ್ನ ಡಿಲೀಟ್ ಮಾಡಿ ಮಿಟ್ ಹಾಕಿದೆ.

ಅಪ್ಪನ ಮೆಸೇಜ್ ಸರಿ ಹೋಯ್ತು. ಆದ್ರೆ ಮಾರನೇ ವಾರ ಅಮ್ಮನ ಫೋನು: "ಒಂದ್ಸಲ ಕೂಗಿದ್ರೆ ಸಾಕಲ್ಲೋ, ನಂಗೇನು ಕಿವಿ ಕೇಳಲ್ವಾ?" ಫೋನು ಆರಾರು ಸಲ ಒಟ್ಟಿಗೇ ಕಿರುಚ್ತಿತ್ತಂತೆ. ನಿಮಗೆ ಈಗಾಗ್ಲೇ ಗೊತ್ತಾಗಿರುತ್ತೆ. ನನ್ನ ಆಫ್ ಸಾಲು ಇನ್ನೂ ತಪ್ಪೇ ಇತ್ತು. ಮೊದಲು ಅದು ಬೇರೆಯವರನ್ನ ಆಚೆ ಹಾಕ್ತಿತ್ತು, ಈಗ ಯಾರನ್ನೂ ಹಾಕ್ತಿಲ್ಲ, ಅಷ್ಟೇ. ಅಮ್ಮ ಹೋಮ್ ಸ್ಕ್ರೀನಿಗೆ ಬಂದಷ್ಟು ಸಲ ಹೊಸ ಕೂಗು ಸಾಲಿಗೆ ಸೇರ್ತಾ ಹೋಯ್ತು. ಲೈಬ್ರರಿ ಬದಲಾಯಿಸಿದ್ರೆ ತಪ್ಪು ಸರಿಯಾಗಲ್ಲ, ತಪ್ಪಿನ ಮುಖ ಬದಲಾಗುತ್ತೆ.

ಪರಿಹಾರ ಸುಲಭ: ಫಂಕ್ಷನ್‌ಗೆ ಒಂದು ಹೆಸರು ಕೊಟ್ಟು, ಆನ್‌ಗೂ ಆಫ್‌ಗೂ ಅದನ್ನೇ ಕೊಡೋದು. ಆದ್ರೆ ಮಿಟ್‌ನಲ್ಲಿ ಇನ್ನೊಂದು ಗುಂಡಿ ಇದೆ, ಬೀಳಬೇಡಿ. ಈಗಿನ ವರ್ಷನ್‌ನಲ್ಲಿ ಆಫ್‌ಗೆ ಈವೆಂಟ್ ಹೆಸರು ಮಾತ್ರ ಕೊಟ್ಟು ಫಂಕ್ಷನ್ ಕೊಡದಿದ್ರೆ, ಆ ಹೆಸರಿನ ಎಲ್ಲರನ್ನೂ ತೆಗೆದುಹಾಕುತ್ತೆ. ನೀವು ಕೊಟ್ಟ ವೇರಿಯಬಲ್ ಯಾವುದೋ ಕಾರಣಕ್ಕೆ ಅನ್‌ಡಿಫೈನ್ಡ್ ಆಗಿದ್ರೂ ಅದೇ ಕಥೆ. ಒಬ್ಬನನ್ನ ಕಳಿಸೋಕೆ ಹೋಗಿ ಮನೆಯವರನ್ನೆಲ್ಲ ಕಳಿಸಿದ ಹಾಗೆ.

ಈ ವಿಷಯದಲ್ಲಿ ನಂಗೆ ನ್ಯಾನೋಈವೆಂಟ್ಸ್ ಅನ್ನೋ ಇನ್ನೊಂದು ಪುಟ್ಟ ಲೈಬ್ರರಿಯ ರೀತಿ ಇಷ್ಟ. ಅದರಲ್ಲಿ ಆಫ್ ಇಲ್ಲವೇ ಇಲ್ಲ. ಆನ್ ಕರೆದಾಗ ಅದು ವಾಪಸ್ ಒಂದು ಫಂಕ್ಷನ್ ಕೊಡುತ್ತೆ, ಬೇಡ ಅಂದಾಗ ಅದನ್ನ ಕರೆದ್ರೆ ಆಯ್ತು. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟಾಗ ಕೊಡೋ ಟೋಕನ್ ಥರ. ಯಾವ ಚಪ್ಪಲಿ, ಎಲ್ಲಿತ್ತು ಅಂತ ನೀವು ನೆನಪಿಟ್ಕೋಬೇಕಿಲ್ಲ. ಇನ್ನು ನೋಡ್‌ನ ಈವೆಂಟ್‌ಎಮಿಟರ್ ಬೇರೆ ರೀತಿ ಸಹಾಯ ಮಾಡುತ್ತೆ: ಒಂದೇ ಈವೆಂಟಿಗೆ 10ಕ್ಕಿಂತ ಜಾಸ್ತಿ ಲಿಸನರ್ ಸೇರಿದ್ರೆ, ಎಲ್ಲೋ ಸೋರ್ತಿರಬಹುದು ಅಂತ ವಾರ್ನಿಂಗ್ ಕೊಡುತ್ತೆ. ಮಿಟ್ ಅದನ್ನೆಲ್ಲ ಹೇಳಲ್ಲ. 200 ಬೈಟಿನಲ್ಲಿ ಬುದ್ಧಿವಾದಕ್ಕೆ ಜಾಗ ಎಲ್ಲಿ? ಒನ್ಸ್ ಕೂಡ ಇಲ್ಲ. ಒಂದೇ ಸಲ ಕೇಳಿಸಿಕೊಳ್ಳಬೇಕಾದ್ರೆ ಫಂಕ್ಷನ್ ಒಳಗೇ ತನ್ನನ್ನ ಆಫ್ ಮಾಡ್ಕೋಬೇಕು.

ಇಷ್ಟರವರೆಗಿನದ್ದು ನಗುವ ವಿಷಯ. ಮುಂದಿನದ್ದು ಅಲ್ಲ.

ನವೆಂಬರ್‌ನ ಒಂದು ಮಧ್ಯಾಹ್ನ ಅಜ್ಜಿ ಸೊರಬಕ್ಕೆ ನೆಂಟರ ಮನೆಗೆ ಹೋಗಿದ್ರು. ಅಪ್ಪ ಊರಲ್ಲಿರಲಿಲ್ಲ. ಅಮ್ಮ ಹಿತ್ತಿಲ ಕೊಟ್ಟಿಗೆ ಕೆಲಸದಲ್ಲಿದ್ರು, ಫೋನ್ ಕೂಗುತ್ತಲ್ಲ ಅನ್ನೋ ಧೈರ್ಯ. ಮಳೆ ಬಂತು. ಸೆನ್ಸರ್ ಹಿಡೀತು. ಬೋರ್ಡ್ ಮೆಸೇಜ್ ಕಳಿಸ್ತು. ಪೇಜ್ ಎಮಿಟ್ ಮಾಡ್ತು. ಫೋನು ಕೂಗಲಿಲ್ಲ, ಸ್ಕ್ರೀನು ಕೆಂಪಾಗಲಿಲ್ಲ. ಅಮ್ಮ ಹಂಚಿನ ಮೇಲೆ ಸದ್ದು ಕೇಳಿ ಓಡಿ ಬರೋ ಹೊತ್ತಿಗೆ ಅಂಗಳದ ಅಡಿಕೆ ಅರ್ಧಕ್ಕರ್ಧ ತೋಯ್ದಿತ್ತು. ಬೇಯಿಸಿದ ಅಡಿಕೆ ಅರೆ ಒಣಗಿದಾಗ ನೆಂದ್ರೆ ಬೂಸ್ಟು ಹಿಡಿಯುತ್ತೆ, ಬಣ್ಣ ಕೆಡುತ್ತೆ, ಮಂಡಿಯಲ್ಲಿ ಅದನ್ನ ಬೇರೆ ರಾಶಿಗೆ ತಳ್ತಾರೆ. ಒಲೆ ಮೇಲಿನ ಅಟ್ಟದಲ್ಲಿ ಕಾವು ಕೊಟ್ಟು ಸ್ವಲ್ಪ ಉಳಿಸಿಕೊಂಡ್ರು. ಸ್ವಲ್ಪ ಮಾತ್ರ. ಅಪ್ಪ ಬೈಯಲಿಲ್ಲ. "ಏನಾತೋ ನಿನ್ನ ಮಷೀನಿಗೆ?" ಅಂತ ಒಂದೇ ಮಾತು ಕೇಳಿದ್ರು. ಬೈದಿದ್ರೆ ವಾಸಿ ಇತ್ತು.

ಶನಿವಾರ ಊರಿಗೆ ಹೋಗಿ ಆ ಫೋನನ್ನ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಹಾಕಿ ಕನ್ಸೋಲ್ ತೆರೆದೆ. ಕೆಂಪಕ್ಷರದಲ್ಲಿ ಸಾಲು ಸಾಲು ಎರರ್: ಸ್ಟೋರೇಜ್ ಕೋಟಾ ಮುಗಿದಿದೆ. ರಿಪೋರ್ಟಿನಲ್ಲಿ ಚಂದದ ಗ್ರಾಫ್ ಬೇಕು ಅಂತ ಸೆನ್ಸರ್‌ನ ಪ್ರತಿ ರೀಡಿಂಗನ್ನೂ ಲೋಕಲ್ ಸ್ಟೋರೇಜ್‌ಗೆ ಬರೀತಿದ್ದೆ. 5 ಸೆಕೆಂಡಿಗೆ ಒಂದು, ಅಂದ್ರೆ ದಿನಕ್ಕೆ 17,280. ಒಂದೊಂದಕ್ಕೆ 40 ಅಕ್ಷರ ಹಿಡಿದ್ರೂ ದಿನಕ್ಕೆ ಏಳು ಲಕ್ಷ ಅಕ್ಷರ. ಲೋಕಲ್ ಸ್ಟೋರೇಜ್‌ಗೆ ಸಾಮಾನ್ಯವಾಗಿ ಇರೋ ಮಿತಿ ಸುಮಾರು 5 ಎಂಬಿ. ಒಂದು ವಾರಕ್ಕೆ ತುಂಬಿತು. ತುಂಬಿದ ಮೇಲೆ ಬರೆಯೋಕೆ ಹೋದ್ರೆ ಬ್ರೌಸರ್ ಎರರ್ ಥ್ರೋ ಮಾಡುತ್ತೆ. ಅಡುಗೆಮನೆ ಗೋಡೆ ಮೇಲಿನ ಫೋನಿನ ಕನ್ಸೋಲ್ ಯಾರು ನೋಡ್ತಾರೆ?

ಲಾಗ್ ಬರೆಯೋಕಾಗಲಿಲ್ಲ, ಸರಿ. ಆದ್ರೆ ಕೂಗಬೇಕಾದವನು ಯಾಕೆ ಕೂಗಲಿಲ್ಲ? ಉತ್ತರ ಎಮಿಟ್‌ನ ಒಳಗಿದೆ. ಎಮಿಟ್ ಅನ್ನೋದು ಹೆಸರಿಗೆ ಕೂಗು, ಅಸಲಿಗೆ ಮಾಮೂಲಿ ಫಂಕ್ಷನ್ ಕಾಲ್‌ಗಳ ಒಂದು ಸಾಲು. ಸೇರಿದ ಕ್ರಮದಲ್ಲೇ ಒಬ್ಬೊಬ್ಬರನ್ನಾಗಿ ಕರೆಯುತ್ತೆ, ಒಬ್ಬರು ಮುಗಿಸೋವರೆಗೆ ಇನ್ನೊಬ್ಬರನ್ನ ಕರೆಯಲ್ಲ. ಮಧ್ಯೆ ಒಬ್ಬ ಎರರ್ ಥ್ರೋ ಮಾಡಿದ್ರೆ ಲೂಪ್ ಅಲ್ಲೇ ಕಡಿದುಹೋಗುತ್ತೆ. ನನ್ನ ಸಾಲಿನಲ್ಲಿ ಪೇಜ್ ಲೋಡ್ ಆದ ತಕ್ಷಣ ಸೇರಿದ ಲಾಗ್ ಮೊದಲನೆಯವನು. ಅವನು ಬಿದ್ದ, ಹಿಂದೆ ಇದ್ದ ಬಣ್ಣ, ಕೂಗು ಯಾರಿಗೂ ಕರೆ ಹೋಗಲಿಲ್ಲ.

ಅಜ್ಜಿಯ ಹೋಲಿಕೆ ಮುರಿದು ಬೀಳೋದು ಇಲ್ಲೇ. ಅಜ್ಜಿ ಕೂಗಿದಾಗ ಅಪ್ಪ ಅಂಗಳದಲ್ಲಿ ಜಾರಿ ಬಿದ್ರೂ ಅಮ್ಮನ ಕಿವಿಗೆ ಕೂಗು ಮುಟ್ಟೇ ಮುಟ್ಟುತ್ತೆ. ಎಮಿಟರ್ ನಿಜವಾಗಿ ಕೂಗಲ್ಲ. ಒಂದು ಬಾಗಿಲು ತಟ್ಟಿ, ಅವರು ಕೆಲಸ ಮುಗಿಸೋವರೆಗೂ ಅಲ್ಲೇ ನಿಂತು, ಆಮೇಲೆ ಮುಂದಿನ ಬಾಗಿಲಿಗೆ ಹೋಗೋ ಮನುಷ್ಯ ಅದು. ಮೊದಲನೇ ಮನೆಯ ನಾಯಿ ಕಚ್ಚಿದ್ರೆ ಉಳಿದ ಮನೆಗಳಿಗೆ ಸುದ್ದಿ ಇಲ್ಲ.

ಮಿಟ್ ಒಂದೇ ಅಲ್ಲ, ನೋಡ್‌ನ ಈವೆಂಟ್‌ಎಮಿಟರ್ ಕೂಡ ಹೀಗೇ. ಬ್ರೌಸರ್‌ನ ಸ್ವಂತ ಆ್ಯಡ್‌ಈವೆಂಟ್‌ಲಿಸನರ್ ಮಾತ್ರ ಬೇರೆ: ಒಬ್ಬ ಲಿಸನರ್ ಎರರ್ ಕೊಟ್ರೆ ಅದನ್ನ ಕನ್ಸೋಲ್‌ಗೆ ವರದಿ ಮಾಡಿ ಮುಂದಿನವನನ್ನ ಕರೆಯುತ್ತೆ. ಅಷ್ಟೇ ಅಲ್ಲ, ಒಂದೇ ಫಂಕ್ಷನ್ ಎರಡು ಸಲ ಸೇರಿಸಿದ್ರೆ ಅಲ್ಲಿ ಒಂದೇ ಸಲ ಲೆಕ್ಕ; ಮಿಟ್‌ನಲ್ಲೂ ನೋಡ್‌ನಲ್ಲೂ ಎರಡು. ಈವೆಂಟ್‌ಟಾರ್ಗೆಟ್ ಅನ್ನೋ ಆ ಕ್ಲಾಸನ್ನ ಈಗಿನ ಬ್ರೌಸರ್‌ಗಳಲ್ಲಿ ನಾವೇ ನ್ಯೂ ಹಾಕಿ ಉಪಯೋಗಿಸಬಹುದು, ಯಾವ ಲೈಬ್ರರಿಯೂ ಬೇಡ. ಕಳಿಸೋ ಡೇಟಾನ ಕಸ್ಟಮ್ ಈವೆಂಟ್ ಒಳಗೆ ಸುತ್ತಿ ಕೊಡಬೇಕು, ಅದೊಂದು ಕಿರಿಕಿರಿ. ಇವತ್ತು ಮೊದಲಿಂದ ಶುರು ಮಾಡೋದಾದ್ರೆ ನಾನು ಬಹುಶಃ ಅದನ್ನೇ ಹಿಡೀತೀನಿ.

ಆಗ ಮಿಟ್ ಬಿಡದೇ ಸರಿ ಮಾಡಿದ್ದು ಹೀಗೆ. ಸುರಕ್ಷಿತ ಅನ್ನೋ ಒಂದು ಫಂಕ್ಷನ್ ಬರೆದೆ. ಅದಕ್ಕೆ ಯಾವುದೇ ಫಂಕ್ಷನ್ ಕೊಟ್ರೆ, ಟ್ರೈ-ಕ್ಯಾಚ್ ಒಳಗೆ ಸುತ್ತಿ ಹೊಸ ಫಂಕ್ಷನ್ ಕೊಡುತ್ತೆ. ಆನ್ ಮಾಡೋದೆಲ್ಲ ಇದರ ಮೂಲಕವೇ. ಇಲ್ಲಿ ಮತ್ತೆ ಹಳೇ ಗುಂಡಿ ಬಾಯಿ ತೆರೆದಿರುತ್ತೆ ನೋಡಿ: ಸುತ್ತಿದ ಮೇಲೆ ಅದು ಹೊಸ ಫಂಕ್ಷನ್, ಆಫ್ ಮಾಡುವಾಗ ಅಸಲಿಯನ್ನ ಕೊಟ್ರೆ ಸಿಗಲ್ಲ. ಸುತ್ತಿದ್ದನ್ನೇ ಒಂದು ವೇರಿಯಬಲ್‌ನಲ್ಲಿ ಇಟ್ಟು ಎರಡೂ ಕಡೆ ಅದನ್ನೇ ಕೊಡಬೇಕು.

ಕೂಗು = ಸುರಕ್ಷಿತ(ಜೋರಾಗಿಕೂಗು)
ಎಮಿಟರ್.ಆನ್('ಮಳೆ', ಕೂಗು)

ಎರಡನೇ ಬದಲಾವಣೆ, ಲಾಗನ್ನ ನಕ್ಷತ್ರಕ್ಕೆ ಸರಿಸಿದೆ. ಮಿಟ್‌ನಲ್ಲಿ '*' ಅನ್ನೋ ಹೆಸರಿಗೆ ಆನ್ ಮಾಡಿದ್ರೆ ಎಲ್ಲ ಈವೆಂಟೂ ಕೇಳುತ್ತೆ, ಯಾವ ಈವೆಂಟ್ ಅನ್ನೋ ಹೆಸರೂ ಸಿಗುತ್ತೆ. ಅದಕ್ಕಿಂತ ಮುಖ್ಯವಾದದ್ದು, ಆ ಹೆಸರಿನ ಸ್ವಂತ ಲಿಸನರ್‌ಗಳೆಲ್ಲ ಮುಗಿದ ಮೇಲೆ ನಕ್ಷತ್ರದವರ ಸರದಿ. ಲಾಗ್ ಮೊದಲೇ ಅಲ್ಲಿದ್ದಿದ್ರೆ ಅವತ್ತು ಫೋನು ಕೂಗಿರ್ತಿತ್ತು. ಇನ್ನು ಟೆಲಿಗ್ರಾಂ ಮೆಸೇಜ್‌ನದ್ದು ಬೇರೆ ಲೆಕ್ಕ. ಅದು ಅಸಿಂಕ್ ಫಂಕ್ಷನ್. ಎಮಿಟ್ ಅದು ಮುಗಿಯೋವರೆಗೆ ಕಾಯಲ್ಲ, ನೆಟ್‌ವರ್ಕ್ ಇಲ್ಲದೇ ಅದು ಸೋತ್ರೆ ಹೊರಗಿನ ಟ್ರೈ-ಕ್ಯಾಚ್‌ಗೂ ಸಿಗಲ್ಲ. ಅದರ ಒಳಗೇ ಅವೇಟ್ ಹಾಕಿ ಒಳಗೇ ಹಿಡೀಬೇಕು.

ಕನ್ನಡ ಹೆಸರಿನ ತಲೆನೋವು ಹೇಳ್ತೀನಿ ಅಂದಿದ್ನಲ್ಲ. ಕರೆಂಟ್ ಹೋದ್ರೆ ತಿಳಿಸೋಕೆ 'ಪವರ್' ಅಂತ ಒಂದು ಈವೆಂಟ್ ಇಟ್ಟೆ. ಎಮಿಟ್ ಆಗ್ತಿದೆ, ಯಾರೂ ಕೇಳ್ತಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಹೋಯ್ತು. ಕೊನೆಗೆ ಎರಡೂ ಕಡೆಯ ಸ್ಟ್ರಿಂಗ್‌ನ ಉದ್ದ ಪ್ರಿಂಟ್ ಮಾಡಿದ್ರೆ ಒಂದು ಕಡೆ 4, ಇನ್ನೊಂದು ಕಡೆ 5! ನಾವು ಅರ್ಧಾಕ್ಷರ ಹೊಡೆಯುವಾಗ ಕೆಲವು ಕೀಬೋರ್ಡ್‌ಗಳು ಹಿಂದೆ ಒಂದು ಜೀರೋ ವಿಡ್ತ್ ನಾನ್ ಜಾಯ್ನರ್ ಸೇರಿಸ್ತವೆ. ಪದದ ಕೊನೆಯಲ್ಲಿದ್ರೆ ಕಣ್ಣಿಗೆ ಕಾಣೋದೇ ಇಲ್ಲ. ಎಮಿಟರ್‌ಗೆ ಮಾತ್ರ ಅವು ಎರಡು ಬೇರೆ ಹೆಸರು, ಮತ್ತು ಯಾರೂ ಕೇಳದ ಹೆಸರನ್ನ ಎಮಿಟ್ ಮಾಡಿದ್ರೆ ಅದು ತಪ್ಪು ಅಂತ ಎಮಿಟರ್ ಅಂದುಕೊಳ್ಳಲ್ಲ. ಇಂಗ್ಲಿಷ್‌ನಲ್ಲಿ ಸ್ಪೆಲ್ಲಿಂಗ್ ತಪ್ಪಿದ್ರೂ ಇದೇ ಗತಿ. ಅದಕ್ಕೇ ಈಗ ಈವೆಂಟ್ ಹೆಸರುಗಳನ್ನೆಲ್ಲ ಒಂದೇ ಫೈಲ್‌ನಲ್ಲಿ ಕಾನ್ಸ್ಟಂಟ್ ಮಾಡಿ ಇಟ್ಟು, ಬೇರೆ ಕಡೆಯಿಂದ ಇಂಪೋರ್ಟ್ ಮಾಡ್ತೀನಿ. ಟೈಪ್‌ಸ್ಕ್ರಿಪ್ಟ್ ಬರೋರಿಗೆ ಇನ್ನೂ ಸುಲಭ, ಮಿಟ್‌ಗೆ ಈವೆಂಟ್‌ಗಳ ಪಟ್ಟಿ ಕೊಟ್ರೆ ಪಟ್ಟಿಯಲ್ಲಿ ಇಲ್ಲದ ಹೆಸರಿಗೆ ಎಡಿಟರ್ರೇ ಕೆಂಪು ಗೆರೆ ಎಳೆಯುತ್ತೆ.

ಎಲ್ಲದಕ್ಕೂ ಎಮಿಟರ್ ಹಾಕೋಕೆ ಹೋಗಬೇಡಿ. ಉತ್ತರ ಬೇಕಾದ ಕಡೆ, ಉದಾಹರಣೆಗೆ "ಈಗಿನ ರೀಡಿಂಗ್ ಎಷ್ಟು?" ಅನ್ನೋದಕ್ಕೆ, ಮಾಮೂಲಿ ಫಂಕ್ಷನ್ ಕರೀರಿ. ಒಬ್ಬರೇ ಕೇಳೋರಿದ್ರೂ ಹಾಗೇ. ಎಮಿಟರ್ ಬಂದ ಮೇಲೆ ಕೋಡ್ ಓದೋರಿಗೆ "ಇದನ್ನ ಯಾರು ಕೇಳ್ತಿದಾರೆ?" ಅಂತ ಇಡೀ ಪ್ರಾಜೆಕ್ಟ್ ಹುಡುಕಬೇಕಾಗುತ್ತೆ. ನನ್ನ ಪೇಜ್‌ನಲ್ಲಿ ಈಗ ಇರೋದು ಐದೇ ಈವೆಂಟ್: ಮಳೆ, ಮಳೆನಿಂತಿತು, ರೀಡಿಂಗ್, ಪವರ್, ತೋಟಕ್ಕೆಹೋದರು. ಆರನೆಯದು ಬೇಕು ಅನ್ನಿಸಿದಾಗೆಲ್ಲ ಒಂದು ದಿನ ತಡೀತೀನಿ.

ಡಿಸೆಂಬರ್‌ನಿಂದ ಹೊಸ ಸಮಸ್ಯೆ ಶುರುವಾಗಿದೆ. ಬೆಳಗಿನ ಜಾವ ಇಬ್ಬನಿ ಪ್ಲೇಟ್ ಮೇಲೆ ಕೂತ್ರೂ ಫೋನು "ಮಳೆ" ಅಂತ ಕೂಗುತ್ತೆ. ಅಜ್ಜಿ ಹಾಸಿಗೆಯಿಂದಲೇ "ಸುಳ್ಳು, ಮಲಕ್ಕಳ್ರೋ" ಅಂತಾರೆ. ಪ್ಲೇಟನ್ನ ಸ್ವಲ್ಪ ಬೆಚ್ಚಗಿಡಬೇಕೋ, ಅಥವಾ ಎರಡು ನಿಮಿಷದ ರೀಡಿಂಗ್ ನೋಡಿ ಆಮೇಲೆ ಎಮಿಟ್ ಮಾಡಬೇಕೋ ಅಂತ ಯೋಚಿಸ್ತಿದೀನಿ. ಎರಡು ನಿಮಿಷ ಕಾದ್ರೆ ಅಡಿಕೆ ನೆನೆಯುತ್ತೆ. ಇಸಿ ಬ್ರಾಂಚಿನವರು ಯಾರಾದ್ರೂ ಇದ್ರೆ ಕ್ಲಬ್ ರೂಮಿಗೆ ಬನ್ನಿ, ಸೆನ್ಸರ್ ಪ್ಲೇಟ್ ತಂದಿಟ್ಟಿದೀನಿ.